7,969ರಲ್ಲಿ ಒಂದು: ಕೊಳ್ಳಲೇ, ಬಿಡಲೇ?

ಪ್ರಶ್ನೆ: ನನಗೆ ನಲವತ್ತೆರಡು ವರ್ಷ, ಹುಬ್ಬಳ್ಳಿಯಲ್ಲಿ ಸ್ವಂತ ಕ್ಲಿನಿಕ್ ಇದೆ. ಒಂದು ಒಳ್ಳೆಯ ವಾಚು ಕಟ್ಟಬೇಕೆಂಬ ಆಸೆ ಬಹಳ ದಿನದ್ದು. ಬೆಂಗಳೂರಿನ ಪರಿಚಯದವರೊಬ್ಬರು ತಮ್ಮ ಒಮೆಗಾ ಸ್ಪೀಡ್‌ಮಾಸ್ಟರ್ ಮಾರುತ್ತಿದ್ದಾರೆ. ಅಪೊಲೊ 11ರ ನಲವತ್ತನೇ ವರ್ಷಕ್ಕೆಂದು 2009ರಲ್ಲಿ ಬಂದ ಲಿಮಿಟೆಡ್ ಎಡಿಷನ್. ಬಾಕ್ಸು ಇದೆ. ಕಾರ್ಡುಗಳು "ಮನೆಯಲ್ಲೇ ಎಲ್ಲೋ ಇವೆ, ಹುಡುಕಿ ಕೊಡ್ತೀನಿ" ಅಂತಾರೆ. ₹5.75 ಲಕ್ಷ ಕೇಳುತ್ತಿದ್ದಾರೆ. "ಪ್ರಪಂಚದಲ್ಲಿ ಇರೋದೇ ಇಷ್ಟು, ರೇಟು ಏರುತ್ತೆ ಹೊರತು ಇಳಿಯಲ್ಲ" ಅನ್ನುವುದು ಅವರ ವಾದ. ಅದೇ ದುಡ್ಡಿಗೆ ಬಂಗಾರ ತಗೊಳ್ಳಿ ಅನ್ನುವುದು ನಮ್ಮ ಮನೆಯವರ ಮಾತು. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಬಂಗಾರದ ಮಾತನ್ನು ಮೊದಲೇ ಮುಗಿಸಿಬಿಡೋಣ ಡಾಕ್ಟರೇ. ದುಡ್ಡು ಬೆಳೆಯಬೇಕು ಅನ್ನುವುದೇ ಉದ್ದೇಶವಾಗಿದ್ದರೆ ನಿಮ್ಮ ಮನೆಯವರು ಹೇಳಿದ್ದೇ ಸರಿ, ಮುಂದೆ ಓದುವ ಅಗತ್ಯವಿಲ್ಲ. ಬಳೆ ಮಾರಲು ಹೋದರೆ ಯಾವ ಊರಿನ ಸರಾಫನಾದರೂ ತೂಗಿ, ಆವತ್ತಿನ ದರ ಹಿಡಿದು ದುಡ್ಡು ಎಣಿಸುತ್ತಾನೆ. ಈ ವಾಚು ಉಕ್ಕಿನದು, ತೂಕಕ್ಕೆ ಬೆಲೆಯಿಲ್ಲ. ಮಾರಬೇಕಾದಾಗ ಇದೇ ಬೇಕೆನ್ನುವ ಒಬ್ಬರನ್ನು ಹುಡುಕಬೇಕು, ಮಾಲು ಅಸಲಿ ಎಂದು ಅವರಿಗೆ ನಂಬಿಕೆ ಬರಿಸಬೇಕು. ಇಲ್ಲವೇ ವ್ಯಾಪಾರಿಯ ಕೈಗಿಟ್ಟು, ಅವನ ಲಾಭದಷ್ಟನ್ನು ಬಿಟ್ಟುಕೊಡಬೇಕು. ಹುಬ್ಬಳ್ಳಿಯಲ್ಲಿ ಕೂತು ಮಾಡುವುದಾದರೆ ಅದು ತಿಂಗಳುಗಟ್ಟಲೆ ಎಳೆಯುವ ಕೆಲಸ. ಆದ್ದರಿಂದ ಈ ಐದು ಮುಕ್ಕಾಲು ಲಕ್ಷವನ್ನು ಖರ್ಚಿನ ಲೆಕ್ಕಕ್ಕೇ ಬರೆದುಕೊಳ್ಳಿ. ಹಾಗೆ ಬರೆದ ಮೇಲೂ ಆಸೆ ಉಳಿದಿದ್ದರೆ ಮಾತು ಮುಂದುವರಿಸಬಹುದು.

ರೇಟು ಇಳಿಯುವುದೇ ಇಲ್ಲ ಎಂದ ನಿಮ್ಮ ಪರಿಚಯದವರು 2022ರ ನಂತರ ಮಾರುಕಟ್ಟೆಯ ಕಡೆ ತಿರುಗಿ ನೋಡಿದಂತಿಲ್ಲ. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತವರ ಕೈಯಲ್ಲಿ ದುಡ್ಡೂ ಬಿಡುವೂ ಸೇರಿ, ಬಳಸಿದ ವಾಚುಗಳ ಬೆಲೆ ಜಗತ್ತಿನಾದ್ಯಂತ ಹುಚ್ಚೆದ್ದು ಏರಿತು. 2022ರ ಮೊದಲ ತಿಂಗಳುಗಳಲ್ಲಿ ತುದಿ ಮುಟ್ಟಿ, ಅಲ್ಲಿಂದ ಎರಡು ವರ್ಷ ಇಳಿಯುತ್ತಲೇ ಹೋಯಿತು. ತುದಿಯಲ್ಲಿ ಕೊಂಡವರಲ್ಲಿ ಎಷ್ಟೋ ಜನ ಇನ್ನೂ ಹಾಕಿದ ದುಡ್ಡು ವಾಪಸು ಬರುವುದನ್ನು ಕಾಯುತ್ತಿದ್ದಾರೆ.

ಇನ್ನು "ಇರೋದೇ ಇಷ್ಟು" ಅನ್ನುವ ಮಾತು. ನೀವು ನೋಡುತ್ತಿರುವ ವಾಚು 7,969 ತಯಾರಾಗಿದೆ. ಒಮೆಗಾ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಪೊಲೊ 11ರ ನಲವತ್ತೈದನೇ ವರ್ಷಕ್ಕೆ 2014ರಲ್ಲಿ 1,969 ಬಂದವು. ಐವತ್ತನೇ ವರ್ಷಕ್ಕೆ 2019ರಲ್ಲಿ ಉಕ್ಕಿನಲ್ಲಿ 6,969, ಚಿನ್ನದಲ್ಲಿ 1,014. ಚಂದ್ರನ ಮೇಲೆ ಕಾಲಿಟ್ಟ ಒಂದೇ ಘಟನೆಯ ನೆನಪಿಗೆ ಹತ್ತು ವರ್ಷದಲ್ಲಿ ಹತ್ತಿರಹತ್ತಿರ ಹದಿನೆಂಟು ಸಾವಿರ "ಸೀಮಿತ" ವಾಚು! ಇದು ಮೋಸವಲ್ಲ. ಪ್ರತಿ ಸಲವೂ ಎಷ್ಟು ಮಾಡುತ್ತೇವೆಂದು ಹೇಳಿಯೇ ಮಾರಿದ್ದಾರೆ. ಆದರೆ ಒಂದು ಎಡಿಷನ್ನಿಗೆ ಮಿತಿ ಇದೆ, ಎಡಿಷನ್ನುಗಳಿಗೆ ಮಿತಿ ಇಲ್ಲ. ಬೆನ್ನ ಮೇಲಿನ ಸಂಖ್ಯೆಗೆ ಮರುಳಾಗುವ ಮುನ್ನ ಇದನ್ನು ನೆನಪಿಡಿ.

ಸಂಖ್ಯೆ ಕಡಿಮೆಯಿದ್ದರೆ ಬೆಲೆ ತಾನಾಗಿ ಬರುತ್ತದೆ ಅನ್ನುವುದೂ ಅರ್ಧ ನಿಜ. ಇದೇ ಸ್ಪೀಡ್‌ಮಾಸ್ಟರ್‌ನಲ್ಲಿ ಸ್ನೂಪಿ ನಾಯಿಯ ಚಿತ್ರವಿರುವವು ಕೆಲವಿವೆ. ಅಪೊಲೊ 13ರಲ್ಲಿ ಆಮ್ಲಜನಕದ ಟ್ಯಾಂಕು ಸ್ಫೋಟಿಸಿ, ಯಾತ್ರಿಗಳು ಜೀವ ಹಿಡಿದುಕೊಂಡು ಹಿಂದಿರುಗುವಾಗ ದಾರಿ ತಿದ್ದಲು ಎಂಜಿನ್ನನ್ನು ಹದಿನಾಲ್ಕು ಸೆಕೆಂಡು ಉರಿಸಬೇಕಾಗಿತ್ತು. ಆ ಹದಿನಾಲ್ಕು ಸೆಕೆಂಡನ್ನು ಅಳೆದದ್ದು ಈ ಕೈಗಡಿಯಾರ. ಅದಕ್ಕಾಗಿ ನಾಸಾದ ಯಾತ್ರಿಗಳು 1970ರ ಅಕ್ಟೋಬರಿನಲ್ಲಿ ಒಮೆಗಾಗೆ ಸಿಲ್ವರ್ ಸ್ನೂಪಿ ಪ್ರಶಸ್ತಿ ಕೊಟ್ಟರು. ಆ ನೆನಪಿನ 2003ರ ವಾಚು 5,441 ಬಂತು. ಅಪೊಲೊ 13ರ ಇಡೀ ಪಯಣ ಹಿಡಿದ 142 ಗಂಟೆ 54 ನಿಮಿಷ 41 ಸೆಕೆಂಡಿನ ಬಾಲವೇ ಆ ಸಂಖ್ಯೆ. ಬಂದಾಗ ಅಂಥ ಗದ್ದಲವೇನೂ ಇರಲಿಲ್ಲ. 2015ರಲ್ಲಿ 1,970 ಬಂದವು, ಆಗ ಜನ ಮುಗಿಬಿದ್ದರು, ಆ ಬಿಸಿಗೆ ಹಳೆಯದರ ಬೆಲೆಯೂ ಎದ್ದಿತು. 2020ರಲ್ಲಿ ಬಂದ ಮೂರನೆಯದಕ್ಕೆ ಸಂಖ್ಯೆಯ ಮಿತಿಯೇ ಇಲ್ಲ, ಆದರೂ ಅದಕ್ಕೆ ಹೆಸರು ಬರೆಸಿ ಕಾದವರಿಗೆ ಲೆಕ್ಕವಿಲ್ಲ. ಬೆಲೆ ಏರಿಸುವುದು ಬೇಕೆನ್ನುವವರ ಸಾಲು. ನಿಮ್ಮ 2009ರ ವಾಚಿಗೆ ಅಂಥ ಉದ್ದ ಸಾಲು ಯಾವತ್ತೂ ಇರಲಿಲ್ಲ. ಕೊಳ್ಳುವವರಿಗೆ ಅದು ಒಳ್ಳೆಯ ಸುದ್ದಿಯೇ: ಚೌಕಾಶಿಗೆ ಜಾಗವಿದೆ, ಆತುರಕ್ಕೆ ಕಾರಣವಿಲ್ಲ.

ಈಗ ವಾಚಿನ ವಿಷಯ. ಒಳಗಿರುವ ಮಶಿನ್ನು ಕ್ಯಾಲಿಬರ್ 1861. ದಿನಾ ಕೀ ಕೊಡಬೇಕು, ಪೂರ್ತಿ ಕೊಟ್ಟರೆ ಸುಮಾರು 48 ಗಂಟೆ ಓಡುತ್ತದೆ, ತಾರೀಕು ತೋರಿಸುವುದಿಲ್ಲ. ಆ ಕಾಲದ ಸಾಮಾನ್ಯ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್‌ನಲ್ಲಿ ಇದ್ದದ್ದೂ ಇದೇ ಮಶಿನ್ನು. 42 ಮಿಲಿಮೀಟರಿನ ಕೇಸೂ ಅದೇ, ಹೆಸಲೈಟ್ ಎಂಬ ಅಕ್ರಿಲಿಕ್ ಗಾಜೂ ಅದೇ, ಗುಂಡಿಗಳೂ ಅವೇ. ಹಾಗಾದರೆ ಲಿಮಿಟೆಡ್ ಎಡಿಷನ್ ಇರುವುದು ಎಲ್ಲಿ? ಮುಖ್ಯವಾಗಿ ಡಯಲ್‌ನಲ್ಲಿ ಮತ್ತು ಹಿಂಬದಿಯ ಮುಚ್ಚಳದಲ್ಲಿ. ಒಂಬತ್ತರ ಜಾಗದ ಪುಟ್ಟ ಸೆಕೆಂಡು ವೃತ್ತದಲ್ಲಿ ಅಪೊಲೊ 11ರ ಹದ್ದಿನ ಲಾಂಛನ ಬೆಳ್ಳಿಯಲ್ಲಿದೆ. ಡಯಲ್ ಮೇಲೆ ಕೆಂಪಕ್ಷರದಲ್ಲಿ 02:56 ಜಿಎಂಟಿ ಎಂದಿದೆ. ಹಿಂಬದಿಯಲ್ಲಿ ಸಂಖ್ಯೆ ಕೊರೆದಿದೆ. ನೀವು ಹೆಚ್ಚಿಗೆ ಕೊಡುವ ದುಡ್ಡೆಲ್ಲ ಈ ಎರಡು ಬಿಲ್ಲೆಗಳಿಗೆ, ಮತ್ತು ಅವು ಇದೇ ಕೇಸಿನಲ್ಲಿ ಹುಟ್ಟಿದವು ಎಂದು ಸಾರುವ ಕಾಗದಕ್ಕೆ.

ಆ 02:56ರ ಬಗ್ಗೆ ಒಂದು ತಮಾಷೆ ಹೇಳಿಯೇ ಮುಂದೆ ಹೋಗುತ್ತೇನೆ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ನೆಲಕ್ಕೆ ಕಾಲಿಟ್ಟ ಗಳಿಗೆ ಅದು, ನಮ್ಮ ಲೆಕ್ಕದಲ್ಲಿ 1969ರ ಜುಲೈ 21ರ ಬೆಳಗಿನ 8 ಗಂಟೆ 26 ನಿಮಿಷ. ಆದರೆ ಆರ್ಮ್‌ಸ್ಟ್ರಾಂಗರ ಸ್ಪೀಡ್‌ಮಾಸ್ಟರ್ ಆಗ ಅವರ ಕೈಯಲ್ಲಿ ಇರಲೇ ಇಲ್ಲ. ನೌಕೆಯೊಳಗಿನ ಟೈಮರು ಕೆಟ್ಟಿದ್ದರಿಂದ ಅದನ್ನು ಅಲ್ಲೇ ಬಿಟ್ಟು ಇಳಿದಿದ್ದರು. ಚಂದ್ರನ ಮೇಲೆ ಮೊದಲು ಹೋದ ವಾಚು ಸುಮಾರು ಇಪ್ಪತ್ತು ನಿಮಿಷದ ನಂತರ ಇಳಿದ ಬಜ್ ಆಲ್ಡ್ರಿನ್ ಕೈಯಲ್ಲಿದ್ದದ್ದು. ಅದೂ ಕ್ಯಾಲಿಬರ್ 321 ಇದ್ದ ಹಳೆಯ ಮಾದರಿ, ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿಗೆ ಕಳಿಸುವಾಗ ದಾರಿಯಲ್ಲಿ ಕಳೆದುಹೋಗಿ ಇವತ್ತಿಗೂ ಸಿಕ್ಕಿಲ್ಲ. ಅಂದರೆ ಡಯಲ್ ಮೇಲಿನ ಗಳಿಗೆ ಮನುಷ್ಯನದು, ವಾಚಿನದಲ್ಲ. ಇದನ್ನು ಓದಿ ನಿಮ್ಮ ಆಸೆ ಕಡಿಮೆಯಾಯಿತೋ ಹೆಚ್ಚಾಯಿತೋ ನೋಡಿಕೊಳ್ಳಿ. ಹೆಚ್ಚಾಗಿದ್ದರೆ ನೀವು ಈ ವಾಚು ಕೊಳ್ಳತಕ್ಕ ಮನುಷ್ಯ.

ಡಯಲ್ಲು, ಮುಚ್ಚಳದ ಮೇಲೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಮಿಕ್ಕಿದ್ದೆಲ್ಲ ಸಾಮಾನ್ಯ ಸ್ಪೀಡ್‌ಮಾಸ್ಟರೇ ಆದ್ದರಿಂದ, ಬೇರೆಬೇರೆ ವಾಚುಗಳ ಭಾಗ ಸೇರಿಸಿ ಒಂದು "ಲಿಮಿಟೆಡ್" ಕಟ್ಟುವುದು ಕೈಪಳಗಿದವರಿಗೆ ಕಷ್ಟವಲ್ಲ. ಇದು ಯಾರನ್ನೂ ಬಿಟ್ಟಿಲ್ಲ. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರದೆನ್ನಲಾದ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಹೋಯಿತು. ಕೊಂಡದ್ದು ತನ್ನ ಮ್ಯೂಸಿಯಮ್ಮಿಗೆಂದು ಸ್ವತಃ ಒಮೆಗಾ. ಎರಡು ವರ್ಷದೊಳಗೆ, ಅದು ಹಳೆಯ ಭಾಗಗಳನ್ನು ಕೂಡಿಸಿ ಕಟ್ಟಿದ ವಾಚು, ಒಳಗಿನವರ ಕೈವಾಡವೂ ಇತ್ತು ಎಂದು ಕಂಪನಿಯೇ ಹೇಳಿಕೆ ಕೊಡಬೇಕಾಯಿತು. ತಯಾರಿಸಿದವರೇ ಮೋಸಹೋಗುವಲ್ಲಿ ನೀವು, ನಾನು ಎಷ್ಟರವರು!

ನಮ್ಮ ಓದುಗರಿಗೆ ಈ ವಿದ್ಯೆ ಹೊಸದೂ ಅಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಕೈಜೋಡಿಸಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ವಾಚುಗಳೇ ಇದಕ್ಕೆ ಸಾಕ್ಷಿ. ಆ ಗಡಿಯಾರದ ಕಾರ್ಖಾನೆಗಳಿಗೆ ಬಾಗಿಲು ಬಿದ್ದ ಮೇಲೆ ಜನತಾ, ಪೈಲಟ್ ವಾಚುಗಳಿಗೆ ಬೇಡಿಕೆ ಬಂತು. ಬೇಡಿಕೆ ಬಂದದ್ದೇ ತಡ, ಹಳೆಯ ಡಯಲ್ ಕೆರೆದು ಕಣ್ಣು ಕುಕ್ಕುವ ಬಣ್ಣ ಬಳಿದು, ಎಚ್‌ಎಂಟಿ ಯಾವತ್ತೂ ಮಾಡದ ವಾಚುಗಳನ್ನು "ಅಪರೂಪದ್ದು" ಎಂದು ಇಂಟರ್‌ನೆಟ್ಟಿನಲ್ಲಿ ಮಾರತೊಡಗಿದರು. ಎರಡು ಸಾವಿರ ರೂಪಾಯಿಯ ಮಾಲಿಗೇ ಇಷ್ಟು ಶ್ರಮ ಪಡುವವರು ಇದ್ದಾರೆಂದ ಮೇಲೆ ಐದೂ ಮುಕ್ಕಾಲು ಲಕ್ಷದ ಮಾಲನ್ನು ಕಾಗದವಿಲ್ಲದೆ ನಂಬುವುದು ಹೇಗೆ?

ಹಾಗಾಗಿ "ಎಲ್ಲೋ ಇವೆ" ಅನ್ನುವ ಕಾರ್ಡುಗಳು ಸಿಗುವವರೆಗೆ ಬೆಲೆಯ ಮಾತೇ ಎತ್ತಬೇಡಿ. ಕೇಸಿಗೆ ಚೈನು ಕೂಡುವ ಕೊಂಬಿನ ಹಿಂದೆ ಸಣ್ಣಗೆ ಕ್ರಮಸಂಖ್ಯೆ ಕೊರೆದಿರುತ್ತದೆ. ಕಾರ್ಡಿನಲ್ಲಿರುವುದು ಅದೇ ಸಂಖ್ಯೆಯಾಗಿರಬೇಕು. ಹಿಂಬದಿಯ ಎಡಿಷನ್ ಸಂಖ್ಯೆಯೂ ಕಾಗದಕ್ಕೆ ಹೊಂದಬೇಕು. ಎರಡನ್ನೂ ವಾಚಿನ ಪಕ್ಕದಲ್ಲೇ ಕಾರ್ಡಿಟ್ಟು ಫೋಟೊ ತೆಗೆದು ಕಳಿಸಲು ಹೇಳಿ. ಅಷ್ಟಕ್ಕೆ ಬೇಸರಪಟ್ಟುಕೊಳ್ಳುವ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸು. ಲಂಡನ್ನಿನ ವಾಚ್ ರಿಜಿಸ್ಟರ್ ಎಂಬ ಸಂಸ್ಥೆ ಕಳವಾದ ವಾಚುಗಳ ಪಟ್ಟಿ ಇಟ್ಟಿದೆ, ಕ್ರಮಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ ಹುಡುಕಿ ಹೇಳುತ್ತದೆ. ಪರಿಚಯದವರ ವಾಚಿಗೆ ಇದೆಲ್ಲ ಯಾಕೆ ಅನ್ನಿಸಬಹುದು. ಅವರು ಯಾರಿಂದ ಕೊಂಡರೋ ನಿಮಗೆ ಗೊತ್ತೇ?

ಕಾಗದ ಸರಿಯಾದರೆ ವಾಚನ್ನು ಕೈಗೆ ತೆಗೆದುಕೊಳ್ಳಿ. ಇಲ್ಲಿ ಹೆಚ್ಚಿನವರು ತಪ್ಪು ಜಾಗ ನೋಡುತ್ತಾರೆ. ಗಾಜಿನ ಮೇಲೆ ಗೀರಿದ್ದರೆ ಮುಖ ಸಿಂಡರಿಸುತ್ತಾರೆ, ಕೇಸು ಫಳಫಳ ಹೊಳೆದರೆ ಖುಷಿಪಡುತ್ತಾರೆ. ಆಗಬೇಕಾದ್ದು ಉಲ್ಟಾ. ಹೆಸಲೈಟ್ ಗಾಜಿನ ಗೀರು ಪೇಸ್ಟು ಹಚ್ಚಿ ಉಜ್ಜಿದರೆ ಹೋಗುತ್ತದೆ, ಗಾಜೇ ಬದಲಿಸಿದರೂ ದೊಡ್ಡ ಖರ್ಚಲ್ಲ. ಅಸಲಿ ಗಾಜಿನ ನಡುಮಧ್ಯೆ ಕೂದಲೆಳೆಯಷ್ಟು ಸಣ್ಣ ಒಮೆಗಾ ಚಿಹ್ನೆ ಇರುತ್ತದೆ, ಭೂತಗನ್ನಡಿಯಲ್ಲಿ ಹುಡುಕಿ. ಕೇಸಿನ ಕತೆ ಬೇರೆ. ಸ್ಪೀಡ್‌ಮಾಸ್ಟರ್‌ನ ಕೊಂಬುಗಳು ತಿರುಚಿದ ಹಾಗೆ ಬಾಗಿ, ಹೊಳಪು ಮತ್ತು ಗೆರೆಗೆರೆ ಮೇಲ್ಮೈ ಕೂಡುವಲ್ಲಿ ಚೂಪಾದ ಅಂಚು ಇರುತ್ತದೆ. ಅತಿಯಾಗಿ ಪಾಲಿಶ್ ಹೊಡೆದಿದ್ದರೆ ಆ ಅಂಚು ಸೋಪಿನ ಬಿಲ್ಲೆಯಂತೆ ಸವೆದಿರುತ್ತದೆ. ಉಜ್ಜಿ ತೆಗೆದ ಉಕ್ಕು ಮರಳಿ ಬರುವುದಿಲ್ಲ. ಗೀರಿರುವ ಕೇಸಿಗೆ ನಾನು ಹೆಚ್ಚು ಕೊಟ್ಟೇನು, ಹೊಳೆಯುವುದಕ್ಕಲ್ಲ. ಡಯಲ್ ಮೇಲಿನ ಬೆಳ್ಳಿಯ ಲಾಂಛನ ಕಪ್ಪಿಟ್ಟಿದೆಯೇ, ತೇವ ಹೋದ ಗುರುತಿದೆಯೇ ಎಂದೂ ನೋಡಿ. ಮುಳ್ಳು ಸಿಗುತ್ತದೆ, ಗಾಜು ಸಿಗುತ್ತದೆ. ಈ ಡಯಲ್ ಹಾಳಾದರೆ ನಿಮ್ಮದು ಸಾಮಾನ್ಯ ಸ್ಪೀಡ್‌ಮಾಸ್ಟರ್ ಆಯಿತು.

ಮಶಿನ್ನಿನ ಪರೀಕ್ಷೆ ಅಷ್ಟು ಗಹನವಲ್ಲ. ಕೀ ತಿರುಗಿಸುವಾಗ ಕರಕರ ಅನ್ನಬಾರದು. ಮೇಲಿನ ಗುಂಡಿ ಒತ್ತಿದರೆ ಉದ್ದ ಸೆಕೆಂಡು ಮುಳ್ಳು ಜಿಗಿಯದೆ ಹೊರಡಬೇಕು, ಅದನ್ನೇ ಮತ್ತೆ ಒತ್ತಿ ನಿಲ್ಲಿಸಿ ಕೆಳಗಿನದು ಒತ್ತಿದರೆ ಮೂರೂ ಮುಳ್ಳು ನೆಟ್ಟಗೆ ಸೊನ್ನೆಗೆ ಬಂದು ನಿಲ್ಲಬೇಕು. ಒಳ್ಳೆಯ ರಿಪೇರಿಯವರ ಬಳಿ ವಾಚಿನ ಬಡಿತ ಅಳೆಯುವ ಟೈಮ್‌ಗ್ರಾಫರ್ ಇರುತ್ತದೆ. ಗಂಟೆಗೆ 21,600 ಬಡಿತ, ಲಿಫ್ಟ್ ಆ್ಯಂಗಲ್ 50 ಎಂದು ಹಾಕಿಸಿ ನೋಡಿ. ಪೂರ್ತಿ ಕೀ ಕೊಟ್ಟ ಮೇಲೂ ಆಂಪ್ಲಿಟ್ಯೂಡ್ (ಒಳಗಿನ ಚಕ್ರ ತೂಗುವ ಅಗಲ) 220 ಡಿಗ್ರಿಯ ಕೆಳಗಿದ್ದರೆ ಎಣ್ಣೆ ಒಣಗಿದೆ ಎಂದರ್ಥ. ಇಸಿಜಿ ಓದುವವರಿಗೆ ಇದೇನೂ ಕಷ್ಟವಾಗದು. ಇಂಥ ವಾಚನ್ನು ಐದರಿಂದ ಎಂಟು ವರ್ಷಕ್ಕೊಮ್ಮೆ ಬಿಚ್ಚಿ ಸರ್ವಿಸ್ ಮಾಡಿಸಬೇಕು. ಹಿಂದಿನ ಸರ್ವಿಸಿನ ಬಿಲ್ಲು ಇಲ್ಲದಿದ್ದರೆ ಆಗಿಲ್ಲವೆಂದೇ ಹಿಡಿದು, ಆ ಹತ್ತಾರು ಸಾವಿರವನ್ನು ಬೆಲೆಯಲ್ಲಿ ಕಳೆಯಿರಿ. ಸರ್ವಿಸಿಗೆ ಕೊಡುವಾಗ "ಪಾಲಿಶ್ ಬೇಡ, ಡಯಲ್ ಬದಲಿಸಬೇಡಿ" ಎಂದು ರಸೀದಿಯ ಮೇಲೇ ಬರೆಸಿ.

ನಿಮ್ಮ ವೃತ್ತಿಗೆ ಸೇರಿದ ಒಂದು ಮಾತು. ರೋಗಿಯಿಂದ ರೋಗಿಗೆ ಕೈಗೆ ಸ್ಪಿರಿಟ್ಟು, ಸ್ಯಾನಿಟೈಸರ್ ಹಚ್ಚುವವರು ನೀವು. ಅಕ್ರಿಲಿಕ್ಕಿಗೆ ಆಲ್ಕೊಹಾಲ್ ಆಗಿಬರುವುದಿಲ್ಲ, ನಾಳೆ ನಾಳೆಗೆ ಗಾಜಿನಲ್ಲಿ ಸೂಕ್ಷ್ಮ ಬಿರುಕಿನ ಬಲೆ ಮೂಡಬಹುದು. ನೀರು ತಾಳುವ ಶಕ್ತಿ 50 ಮೀಟರ್ ಎಂದು ಬರೆದಿದ್ದರೂ ಅದು ರಬ್ಬರಿನ ಗ್ಯಾಸ್ಕೆಟ್ಟು ಹೊಸದಾಗಿದ್ದ ಕಾಲದ ಮಾತು. ಗ್ಯಾಸ್ಕೆಟ್ಟು ಬದಲಿಸುವವರೆಗೆ ಇದನ್ನು ಕಟ್ಟಿಕೊಂಡು ಕೈ ತೊಳೆಯಬೇಡಿ, ಒದ್ದೆ ಕೈಯಲ್ಲಿ ಗುಂಡಿ ಒತ್ತಲೇಬೇಡಿ. ಕ್ಲಿನಿಕ್ಕಿಗೆ ಬೇರೆ ವಾಚು, ಇದು ಸಂಜೆಗೆ ಎನ್ನುವಂತಾದರೆ ಸರಿ. ದಿನವಿಡೀ ಕಟ್ಟುವ ಒಂದೇ ವಾಚು ಬೇಕಾಗಿದ್ದರೆ ಇದು ನಿಮ್ಮದಲ್ಲ. ನಾಡಿ ಎಣಿಸಲು ಹದಿನೈದು ಸೆಕೆಂಡು ಓಡಿಸುವ ಸುಖವೇನೋ ಇದೆ. ಆದರೆ ಸುತ್ತಲಿನ ಬಳೆಯ ಅಂಕಿಗಳು ವಾಹನದ ವೇಗಕ್ಕೆ, ನಾಡಿಗಲ್ಲ.

ಬೆಲೆಗೆ ಬರೋಣ. ಕ್ರೋನೋ24ನಂಥ ಜಾಲತಾಣದಲ್ಲಿ ಕಾಣುವುದು ಕೇಳುವ ಬೆಲೆ, ಅಷ್ಟಕ್ಕೆ ಮಾರಾಟವಾಯಿತು ಎಂದಲ್ಲ. ತಿಂಗಳುಗಟ್ಟಲೆ ಅಲ್ಲೇ ಕೂತಿರುವ ಬೆಲೆ ಯಾರಿಗೂ ಒಪ್ಪಿಗೆಯಾಗದ ಬೆಲೆ. ನೀವು ಮಾಡಬೇಕಾದ್ದು ಇಷ್ಟು: ಅದೇ ಕಾಲದ, ಅದೇ 1861 ಮಶಿನ್ನಿನ, ಬಾಕ್ಸು ಕಾರ್ಡು ಎರಡೂ ಇರುವ ಸಾಮಾನ್ಯ ಸ್ಪೀಡ್‌ಮಾಸ್ಟರ್ ಎಷ್ಟಕ್ಕೆ ಸಿಗುತ್ತಿದೆ ಎಂದು ಇಬ್ಬರು ಮೂವರು ವ್ಯಾಪಾರಿಗಳಲ್ಲಿ ವಿಚಾರಿಸಿ. ಅದರ ಮೇಲೆ, ಕಾಗದ ಎಲ್ಲ ಹೊಂದಿದರೆ, ಹೆಚ್ಚೆಂದರೆ ಐದನೇ ಒಂದು ಭಾಗ ಸೇರಿಸಬಹುದು ಅನ್ನುವುದು ನನ್ನ ಲೆಕ್ಕ. ಕಾರ್ಡು ಸಿಗದಿದ್ದರೆ ಒಂದು ರೂಪಾಯಿಯೂ ಹೆಚ್ಚಿಗೆ ಬೇಡ, ಬಾಕ್ಸು ಎಷ್ಟೇ ದೊಡ್ಡದಿರಲಿ. ಬಾಕ್ಸು ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತದೆ.

ವಾಚು ಇಲ್ಲಿ ಕೊಂಡದ್ದೋ, ದುಬೈಯಿಂದ ಯಾರೋ ಕಟ್ಟಿಕೊಂಡು ಬಂದದ್ದೋ ಎಂಬುದನ್ನೂ ಕೇಳಿ. ಕರಾವಳಿಯ ಎಷ್ಟೋ ಮನೆಗಳಿಗೆ ಒಳ್ಳೆಯ ವಾಚು ಬಂದ ದಾರಿ ಅದೇ. ಸುಂಕ ಕಟ್ಟಿದ ರಸೀದಿ ಇದ್ದರೆ ಬೆಲೆಗೆ ಬಲ ಬರುತ್ತದೆ, ಇಲ್ಲದಿದ್ದರೆ ವಿಮೆ ಮಾಡಿಸುವಾಗಲೂ ಮತ್ತೆ ಮಾರುವಾಗಲೂ ತೊಡಕು. ಇನ್ನೊಂದು ಸಂಗತಿ: ಹೊರಗಿನಿಂದ ಬರುವ ವಾಚಿಗೆ ನಮ್ಮಲ್ಲಿ ಬಹುಕಾಲ ಶೇ 20 ಮೂಲ ಸುಂಕ, ಅದರ ಮೇಲೆ ಉಪಸುಂಕ, ಎಲ್ಲದರ ಮೇಲೆ ಶೇ 18 ಜಿಎಸ್‌ಟಿ ಇತ್ತು. ನೂರು ರೂಪಾಯಿಯ ಮಾಲಿಗೆ ಹತ್ತಿರಹತ್ತಿರ ನಲವತ್ತನಾಲ್ಕು ರೂಪಾಯಿ ತೆರಿಗೆಯೇ. ಸ್ವಿಜರ್ಲೆಂಡ್ ಸೇರಿ ನಾಲ್ಕು ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ, ಸ್ವಿಸ್ ವಾಚಿನ ಸುಂಕವನ್ನು ಹಂತಹಂತವಾಗಿ ಇಳಿಸುವ ಮಾತು ಅದರಲ್ಲಿದೆ. ಹೊಸದರ ಬೆಲೆ ಸಡಿಲಿದರೆ ಹಳೆಯದರ ಬೆಲೆ ಬಿಗಿಯಾಗಿ ನಿಲ್ಲುವುದು ಕಷ್ಟ. "ಇಳಿಯಲ್ಲ" ಅಂದವರಿಗೆ ಇದನ್ನೂ ನೆನಪಿಸಿ.

ಇನ್ನೂ ಒಂದು ದಾರಿ ಇದೆ. ಒಮೆಗಾ 2021ರಲ್ಲಿ ಸಾಮಾನ್ಯ ಸ್ಪೀಡ್‌ಮಾಸ್ಟರಿಗೆ, ಅಂದರೆ ಮೂನ್‌ವಾಚಿಗೆ ಕ್ಯಾಲಿಬರ್ 3861 ಹಾಕಿತು. ಕಾಂತಕ್ಕೆ ಜಗ್ಗುವುದಿಲ್ಲ, ಸಮಯವೂ ಹೆಚ್ಚು ನಿಖರ. ಷೋರೂಮಿನಲ್ಲಿ ಕೊಂಡರೆ ಐದು ವರ್ಷ ಗ್ಯಾರಂಟಿ. ನಿಮ್ಮವರು ಕೇಳುತ್ತಿರುವುದಕ್ಕಿಂತ ಹೆಚ್ಚು ಬೀಳುತ್ತದೆ, ಆದರೆ ಕ್ರಮಸಂಖ್ಯೆ, ಕಳವು, ಸವೆದ ಕೊಂಬು ಎಂಬ ಯಾವ ತಲೆನೋವೂ ಇಲ್ಲ. ಹದ್ದಿನ ಲಾಂಛನ, ಕೆಂಪಕ್ಷರದ 02:56 ನಿಮ್ಮ ಕಣ್ಣಿಗೆ ಕಟ್ಟದಿದ್ದರೆ ಇದೇ ಒಳ್ಳೆಯದು. ಕಟ್ಟಿದ್ದರೆ, ಕಾರ್ಡುಗಳೂ ಸಿಕ್ಕಿದರೆ, ಮೇಲಿನ ಲೆಕ್ಕದೊಳಗೆ ಬೆಲೆ ಬಂದರೆ, ಹಳೆಯದನ್ನೇ ಕೊಳ್ಳಿ ಅನ್ನುತ್ತೇನೆ. ಈ ಮೂರರಲ್ಲಿ ಒಂದು ತಪ್ಪಿದರೂ ಬಿಟ್ಟುಬಿಡಿ. ಈ ಎಡಿಷನ್ನಿನಲ್ಲಿ ಇನ್ನೂ 7,968 ಇವೆ.

ಕೊಳ್ಳುವುದೇ ಆದರೆ ವ್ಯವಹಾರ ಪೂರ್ತಿ ಬ್ಯಾಂಕಿನ ಮೂಲಕವೇ ಆಗಲಿ. ಎರಡು ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದು ಕಾನೂನಿಗೆ ವಿರುದ್ಧ, ದಂಡ ಬೀಳುವುದು ಪಡೆದವರಿಗೆ. ನಿಮ್ಮ ಪರಿಚಯದವರನ್ನೂ ಆ ಕಷ್ಟಕ್ಕೆ ದೂಡಬೇಡಿ. ಮಾರಾಟದ ಪತ್ರವೊಂದನ್ನು ಸರಳವಾಗಿ ಬರೆಸಿಕೊಳ್ಳಿ: ಕ್ರಮಸಂಖ್ಯೆ, ಎಡಿಷನ್ ಸಂಖ್ಯೆ, ಬೆಲೆ, ತಾರೀಕು, ಇಬ್ಬರ ಸಹಿ. ಅದರಲ್ಲೇ ಒಂದು ಸಾಲು ಸೇರಿಸಿ. ಹದಿನೈದು ದಿನದೊಳಗೆ ಅಧಿಕೃತ ಸರ್ವಿಸ್ ಸೆಂಟರಿನವರು ಬಿಚ್ಚಿ ನೋಡಿ ಇದು ಅಸಲಿಯಲ್ಲವೆಂದರೆ ಹಣ ಹಿಂತಿರುಗಿಸಲು ಒಪ್ಪಿದ್ದೇನೆ, ಎಂದು. ಆ ಸಾಲಿಗೆ ಅವರು ಸಹಿ ಹಾಕಿದರೆ ಮರುದಿನವೇ ವಾಚನ್ನು ಸರ್ವಿಸ್ ಸೆಂಟರಿಗೆ ಒಯ್ಯಿರಿ, ಕಟ್ಟಿಕೊಂಡು ಓಡಾಡುವುದು ಆಮೇಲೆ.